ಕಳೆ ತುಂಬಿದ ಕೊಳದಲ್ಲಿ ಬಾಸ್: ಕಪ್ಪೆಯೋ, ಹುಳುವೋ, ಭಾರದ ಗುಂಡೋ?

ನಾರ್ತ್ ಕೆರೊಲಿನಾ, ಜಾರ್ಜಿಯಾ, ಫ್ಲೋರಿಡಾ, ಟೆಕ್ಸಸ್ ಕಡೆ ಮನೆ ಮಾಡಿಕೊಂಡಿರುವ ನಮ್ಮವರ ಬಡಾವಣೆಗಳ ಹಿಂದೆ ಹೆಚ್ಚಾಗಿ ಒಂದು ಕೊಳ ಇರುತ್ತದೆ. ಮಳೆನೀರು ಹಿಡಿದಿಡಲು ತೋಡಿದ್ದು. ಮೂರು-ನಾಲ್ಕು ಅಡಿ ಆಳ. ಜೂನ್ ಬರುವ ಹೊತ್ತಿಗೆ ದಡದಿಂದ ದಡಕ್ಕೆ ಹಸಿರು ಹೊದ್ದುಕೊಂಡಿರುತ್ತದೆ. ವಾಕಿಂಗ್ ಹೋಗುವವರು ನೋಡಿ, ಇದರಲ್ಲಿ ಏನು ಮೀನು ಇದ್ದೀತು ಅಂತ ಮುಂದೆ ಹೋಗುತ್ತಾರೆ. ಮೀನು ಇದೆ. ಆ ಹಸಿರಿನ ಕೆಳಗೇ ಇದೆ, ಅದೂ ದೊಡ್ಡದೇ ಇರಬಹುದು.

ಆ ಮೀನು ಲಾರ್ಜ್‌ಮೌತ್ ಬಾಸ್. ಅದು ಓಡಾಡಿ ಬೇಟೆಯಾಡುವುದಕ್ಕಿಂತ ಹೊಂಚು ಹಾಕಿ ಹಿಡಿಯುವ ಮೀನು. ಅದಕ್ಕೆ ನೆರಳು ಬೇಕು, ಮರೆ ಬೇಕು, ಬಾಯಿಗೆ ಸಿಗುವಷ್ಟು ದೂರದಲ್ಲಿ ಬ್ಲೂಗಿಲ್ ಎಂಬ ಸಣ್ಣ ಮೀನಿನ ಮರಿಗಳೋ ಕಪ್ಪೆಗಳೋ ಓಡಾಡುತ್ತಿರಬೇಕು. ಕಳೆ ಇವೆಲ್ಲವನ್ನೂ ಒಂದೇ ಕಡೆ ಕೊಡುತ್ತದೆ. ನೀರು ಆಳ ಇಲ್ಲ ಅಂತ ಕಡೆಗಣಿಸಬೇಡಿ. 1932ರ ಜೂನ್ 2ರಂದು ಜಾರ್ಜ್ ಪೆರಿ ಎಂಬ ರೈತ 22 ಪೌಂಡ್ 4 ಔನ್ಸ್ ತೂಗುವ ಬಾಸ್ ಹಿಡಿದದ್ದು ಜಾರ್ಜಿಯಾದ ಮಾಂಟ್ಗೊಮರಿ ಲೇಕ್‌ನಲ್ಲಿ. ಹೆಸರಿಗೆ ಲೇಕ್, ಆದರೆ ಅದು ಓಕ್ಮಲ್ಗೀ ನದಿ ದಾರಿ ಬದಲಿಸಿದಾಗ ಹಿಂದೆ ಉಳಿದ ಹಳೆಯ ತಿರುವು. ಆ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನು ಅದಕ್ಕೆ ಸಮನಾಯಿತು, ಅಷ್ಟೇ.

ಕಷ್ಟ ಇರುವುದು ಅಂಗಡಿಯಲ್ಲಿ. ಗೋಡೆ ತುಂಬ ಲೂರ್‌ಗಳು, ಅಂದರೆ ಮೀನನ್ನು ಮರುಳು ಮಾಡುವ ಕೃತಕ ಎರೆಗಳು, ನೇತಾಡುತ್ತಿರುತ್ತವೆ. ಅದರಲ್ಲಿ ಮುಕ್ಕಾಲು ಪಾಲು ತೆರೆದ ನೀರಿಗೆ ಮಾಡಿದವು. ಹೊಟ್ಟೆಯಲ್ಲಿ ಎರಡು, ಬಾಲದಲ್ಲೊಂದು ಮೂರುಮುಳ್ಳಿನ ಕೊಕ್ಕೆ ನೇತಾಡುವ ಚಂದದ ಪ್ಲಾಸ್ಟಿಕ್ ಮೀನನ್ನು ಇಂಥ ಕೊಳಕ್ಕೆ ಎಸೆದರೆ, ಮೊದಲ ಎಸೆತಕ್ಕೇ ಒಂದು ಹಿಡಿ ಸೊಪ್ಪು ಬರುತ್ತದೆ. ಎರಡನೆಯದಕ್ಕೂ ಅದೇ. ಅದನ್ನು ಅಂಗಡಿಯಲ್ಲೇ ಬಿಡಿ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆಯಲ್ಲಿ ಬಾಸ್ ಕಚ್ಚುವಂತೆ ಮಾಡುವುದು ಅಷ್ಟೇನೂ ಕಷ್ಟವಲ್ಲ. ಕಚ್ಚಿದ್ದನ್ನು ಹೊರಗೆ ತರುವುದು ಕಷ್ಟ. ಆದ್ದರಿಂದ ಮೊದಲು ದಾರ ಮತ್ತು ಕೋಲು, ಆಮೇಲೆ ನಿಮ್ಮ ಕೊಳದ ಕಳೆ ಯಾವುದು ಎಂಬ ವಿಚಾರ, ಲೂರ್ ಕೊನೆಗೆ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಮುಂದೆ ಕಪ್ಪೆ, ಹುಳು ಎಂದು ಹೇಳುವುದೆಲ್ಲ ಆ ಆಕಾರದ ಪ್ಲಾಸ್ಟಿಕ್ ಲೂರ್‌ಗಳನ್ನು.

ದಾರ: ಇಲ್ಲಿ ಜಿಪುಣತನ ಬೇಡ

ಮಾರುಕಟ್ಟೆಯಲ್ಲಿ ಮೂರು ಬಗೆಯ ದಾರ ಸಿಗುತ್ತವೆ. ಮಾಮೂಲಿ ನೈಲಾನ್, ಅಂದರೆ ಮಾನೊ. ಗಾಜಿನಂತೆ ಕಾಣುವ ಫ್ಲೂರೊಕಾರ್ಬನ್. ಎಳೆ ಎಳೆಯಾಗಿ ಹೆಣೆದ ಬ್ರೇಡ್.

ಮಾನೊ ಅಗ್ಗ, ಗಂಟು ಹಾಕಲು ಸುಲಭ. ಆದರೆ ಅದು ಹಿಗ್ಗುತ್ತದೆ. ನಲವತ್ತು ಅಡಿ ದೂರದಲ್ಲಿ ಮೀನು ಕಚ್ಚಿದಾಗ ನೀವು ಜಗ್ಗಿದ ಜೋರಿನಲ್ಲಿ ಒಂದು ಪಾಲು ದಾರದ ಹಿಗ್ಗುವಿಕೆಯಲ್ಲೇ ಕರಗಿಹೋಗುತ್ತದೆ. ಕೊಕ್ಕೆ ಸರಿಯಾಗಿ ಇಳಿಯುವ ಮೊದಲೇ ಬಾಸ್ ಕಳೆಯೊಳಗೆ ನುಗ್ಗಿರುತ್ತದೆ. ಫ್ಲೂರೊಕಾರ್ಬನ್ ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ, ತಿಳಿನೀರಿಗೆ ಒಳ್ಳೆಯದು. ಆದರೆ ಅದು ಮುಳುಗುತ್ತದೆ. ಮೇಲೆ ತೇಲಬೇಕಾದ ಕಪ್ಪೆಯ ಮೂತಿಯನ್ನು ಕೆಳಗೆ ಎಳೆಯುತ್ತದೆ.

ಬ್ರೇಡ್ ಹಿಗ್ಗುವುದಿಲ್ಲ ಅಂದರೂ ನಡೆಯುತ್ತದೆ. ನೀರಿನ ಮೇಲೆ ತೇಲುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಬಿಗಿಯಾಗಿದ್ದಾಗ ಅದು ಮೆತ್ತನೆಯ ಕಾಂಡಗಳನ್ನು ಕೊಯ್ದುಕೊಂಡು ಬರುತ್ತದೆ. ಮೀನು ನಾಲ್ಕು ದಂಟು ಸುತ್ತಿಕೊಂಡಿದ್ದರೂ ದಾರವೇ ದಾರಿ ಮಾಡಿಕೊಳ್ಳುತ್ತದೆ. ಕಣ್ಣಿಗೆ ಕಾಣುತ್ತದೆ ನಿಜ. ಆದರೆ ಕಳೆಯ ನಡುವೆ ಮೀನಿಗೆ ಇನ್ನೊಂದು ಎಳೆ ಕಂಡರೇನು, ಅಲ್ವಾ? ಕಪ್ಪೆಗೆ 50ರಿಂದ 65 ಪೌಂಡ್ ಭಾರ ತಡೆಯುವ ಬ್ರೇಡ್, ಹುಳುವಿಗೆ 30 ಪೌಂಡಿನದು. ಮೂರು ಪೌಂಡಿನ ಮೀನಿಗೆ 65 ಪೌಂಡಿನ ದಾರ ಯಾಕೆ ಅಂತ ಅಂಗಡಿಯವರೇ ಕೇಳಬಹುದು. ನೀವು ಎಳೆಯುವುದು ಮೀನನ್ನಷ್ಟೇ ಅಲ್ಲ, ಅದರ ತಲೆಗೆ ಸುತ್ತಿದ ಒದ್ದೆ ಸೊಪ್ಪಿನ ಹೊರೆಯನ್ನೂ ಸೇರಿಸಿ.

ಎರಡು ಸಣ್ಣ ಮಾತು. ಬ್ರೇಡನ್ನು ಬರೀ ಲೋಹದ ಸ್ಪೂಲಿಗೆ ನೇರ ಸುತ್ತಿದರೆ ಸುತ್ತಿದ ದಾರವೆಲ್ಲ ಒಟ್ಟಾಗಿ ಜಾರುತ್ತದೆ, ಕೆಳಗೆ ಹತ್ತು ಸುತ್ತು ಮಾನೊ ಹಾಕಿಕೊಳ್ಳಿ. ಲೂರ್ ಸಿಕ್ಕಿಹಾಕಿಕೊಂಡರೆ ಬ್ರೇಡನ್ನು ಬರಿಗೈಗೆ ಸುತ್ತಿ ಎಳೆಯಲೇಬೇಡಿ. ಬೆರಳು ಕೊಯ್ಯುತ್ತದೆ. ಒಂದು ಕಡ್ಡಿಗೆ ಸುತ್ತಿ ಎಳೆಯಿರಿ. ಗಂಟಿಗೆ ಪಾಲೊಮಾರ್ ಸಾಕು.

ಕೋಲಿನ ವಿಷಯ ಬೇಗ ಹೇಳುತ್ತೇನೆ. ಕಪ್ಪೆಗೆ ಏಳಡಿ, ಏಳಡಿ ಮೂರಿಂಚಿನ ಹೆವಿ ರಾಡ್, ಬೆನ್ನು ಗಟ್ಟಿ, ತುದಿಯಲ್ಲಿ ಸ್ವಲ್ಪ ಬಾಗು. ಜೊತೆಗೆ ಬೇಗ ಸುತ್ತುವ ಬೇಟ್‌ಕಾಸ್ಟಿಂಗ್ ರೀಲ್. ಗೇರ್ 7:1 ಅಥವಾ ಮೇಲೆ, ಅಂದರೆ ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಸ್ಪೂಲ್ ಏಳು ಸುತ್ತು ತಿರುಗಬೇಕು. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ದಾರ ಸಿಕ್ಕುಗಟ್ಟುತ್ತದೆ ಎಂಬ ಹೆದರಿಕೆ ಇರುವವರು ಮೀಡಿಯಂ-ಹೆವಿ ಸ್ಪಿನ್ನಿಂಗ್ ರಾಡ್ ತೆಗೆದುಕೊಳ್ಳಿ, ತೊಂದರೆ ಇಲ್ಲ. ಆಗ ನಿಮ್ಮ ಮೊದಲ ಆಯ್ಕೆ ಕಪ್ಪೆಯಲ್ಲ, ಹುಳು.

ಯಾವ ಕಳೆ ಅಂತ ನೋಡಿ

ದೂರದಿಂದ ಎಲ್ಲ ಹಸಿರೂ ಒಂದೇ. ಹತ್ತಿರ ಹೋಗಿ ನೋಡಿದರೆ ನಾಲ್ಕು ಬೇರೆ ಬೇರೆ ಲೋಕಗಳು.

ಒಂದು, ನೈದಿಲೆ ಎಲೆಗಳ ಹಾಸು. ಮೇಲೆ ಎಲೆ, ಕೆಳಗೆ ಬರೀ ದಂಟುಗಳು, ನಡುವೆ ಮೀನು ಆರಾಮಾಗಿ ಓಡಾಡುವಷ್ಟು ಜಾಗ. ಎರಡು, ಮೇಲೆ ತೇಲುವ ಹೊದಿಕೆ. ಸಾಸಿವೆ ಕಾಳಿನಷ್ಟು ಸಣ್ಣ ಎಲೆಯ ಡಕ್‌ವೀಡ್, ಕೂದಲಿನಂತೆ ಹೆಣೆದುಕೊಂಡ ಪಾಚಿ. ಮೂರು, ನೀರಿನೊಳಗೇ ಬೆಳೆಯುವ ಹುಲ್ಲು. ಹೈಡ್ರಿಲ್ಲಾ, ಕೂನ್‌ಟೇಲ್, ಮಿಲ್‌ಫಾಯಿಲ್. ಬೇಸಿಗೆಯ ಮೊದಲಲ್ಲಿ ಅದರ ಮೇಲೆ ಒಂದಡಿ ನೀರು ಉಳಿದಿರುತ್ತದೆ, ಆಗಸ್ಟ್ ಹೊತ್ತಿಗೆ ಮೇಲಕ್ಕೆ ಬಂದು ಮಲಗಿಬಿಡುತ್ತದೆ. ನಾಲ್ಕು, ದಡದ ಜೊಂಡು.

ಹೈಡ್ರಿಲ್ಲಾ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಇಲ್ಲಿನ ಗಿಡವಲ್ಲ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಫ್ಲೋರಿಡಾಕ್ಕೆ ಬಂತು. ಹರಿದ ಒಂದು ಚೂರಿನಿಂದಲೂ ಹೊಸ ಗಿಡ ಆಗುತ್ತದೆ, ಹಾಗೆ ಹಬ್ಬಿತು. 1990ರ ದಶಕದಲ್ಲಿ ಬೇರೆ ಬೇರೆ ದೇಶಗಳ ಮಾದರಿಗಳ ಡಿಎನ್‌ಎ ಹೋಲಿಸಿ ನೋಡಿದಾಗ, ಫ್ಲೋರಿಡಾ ಕಡೆಯ ಈ ಗಿಡ ತೀರಾ ಹತ್ತಿರ ಹೋಲಿದ್ದು ಬೆಂಗಳೂರಿನ ಮಾದರಿಯನ್ನು. ಅಂದರೆ ನಾವು ಇಲ್ಲಿ ಗಾಳ ಹಾಕುವ ಕಳೆಯ ನೆಂಟರು ನಮ್ಮೂರ ಕೆರೆಗಳಲ್ಲಿದ್ದಾರೆ. ಕೇಳಿದಾಗಿನಿಂದ ನನಗೆ ಆ ಹುಲ್ಲಿನ ಮೇಲೆ ಸಿಟ್ಟು ಸ್ವಲ್ಪ ಕಡಿಮೆಯಾಗಿದೆ. ಆದರೂ ಒಂದು ಕೊಳದಿಂದ ಇನ್ನೊಂದಕ್ಕೆ ಅದನ್ನು ಹೊತ್ತುಕೊಂಡು ಹೋಗುವುದು ಅಮೆರಿಕದ ಕೇಂದ್ರ ಸರ್ಕಾರದ ಪಟ್ಟಿಯಲ್ಲಿರುವ ಹಾನಿಕಾರಕ ಕಳೆಯನ್ನು ಸಾಗಿಸಿದಂತೆ. ಹೊರಡುವ ಮುಂಚೆ ಕಯಾಕ್, ಬೂಟು, ರೀಲ್, ಎಲ್ಲದರಿಂದ ಸೊಪ್ಪು ಬಿಡಿಸಿ ಅಲ್ಲೇ ದಡದ ಮೇಲೆ ಒಣಗಲು ಬಿಡಿ.

ಟೊಳ್ಳು ಕಪ್ಪೆ

ಹಾಸು ದಟ್ಟವಾಗಿದ್ದರೆ ನನ್ನ ಮೊದಲ ಆಯ್ಕೆ ಇದು, ಎರಡು ಮಾತಿಲ್ಲ. ಮೆತ್ತನೆಯ ಪ್ಲಾಸ್ಟಿಕ್‌ನ ಟೊಳ್ಳು ಮೈ, ಹಿಂದೆ ರಬ್ಬರ್ ಎಳೆಗಳ ಕಾಲು. ಜೋಡಿ ಕೊಕ್ಕೆ ಬೆನ್ನಿನ ಮೇಲೆ ಮೈಗೆ ಒತ್ತಿಕೊಂಡು ಕೂತಿರುತ್ತದೆ, ಮುಳ್ಳು ಮೇಲ್ಮುಖ. ಆದ್ದರಿಂದ ಎಲೆಯ ಮೇಲೆ, ಪಾಚಿಯ ಮೇಲೆ, ಬಿದ್ದ ಕೊಂಬೆಯ ಮೇಲೆ ಎಲ್ಲೂ ಸಿಕ್ಕಿಕೊಳ್ಳದೆ ಜಾರಿಕೊಂಡು ಬರುತ್ತದೆ. ಬಾಸ್ ಬಾಯಿ ಮುಚ್ಚಿದಾಗ ಟೊಳ್ಳು ಮೈ ಚಪ್ಪಟೆಯಾಗುತ್ತದೆ, ಆಗ ಮುಳ್ಳು ಹೊರಗೆ ಬರುತ್ತದೆ.

ಕೊಳ್ಳುವಾಗ ಇದನ್ನೇ ಪರೀಕ್ಷೆ ಮಾಡಿ. ಹೆಬ್ಬೆರಳು, ತೋರುಬೆರಳ ನಡುವೆ ಕಪ್ಪೆಯನ್ನು ಮೆಲ್ಲಗೆ ಒತ್ತಿ. ಸುಲಭವಾಗಿ ಒಳಗೆ ಹೋಗಿ ಎರಡೂ ಮುಳ್ಳು ಪೂರ್ತಿ ಕಂಡರೆ ಒಳ್ಳೆಯ ಕಪ್ಪೆ. ಬೆರಳಿಗೆ ಗಟ್ಟಿ ಅನಿಸಿದರೆ ಮೀನಿನ ಬಾಯಿಗೂ ಗಟ್ಟಿಯೇ. ಹೆಸರಾಂತ ಗಾಳಗಾರ ಡೀನ್ ರೋಹಾಸ್ ವಿನ್ಯಾಸ ಮಾಡಿದ ಸ್ಪ್ರೊ ಬ್ರಾಂಜ್‌ಐ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಬೂಯಾ ಪ್ಯಾಡ್ ಕ್ರ್ಯಾಶರ್ ಅದಕ್ಕಿಂತ ಅಗ್ಗ, ನನ್ನ ಮಟ್ಟಿಗೆ ಕೊಳಕ್ಕೆ ಸಾಲುತ್ತದೆ. ಹತ್ತು ಡಾಲರಿನ ಆಸುಪಾಸಿನಲ್ಲಿ ಎರಡರಲ್ಲೊಂದು ಸಿಗುತ್ತದೆ. ಮನೆಗೆ ತಂದ ಮೇಲೆ ಇಕ್ಕಳದಿಂದ ಮುಳ್ಳಿನ ತುದಿಗಳನ್ನು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸಿ. ಕಾಲುಗಳು ಉದ್ದ ಇದ್ದರೆ ಅರ್ಧ-ಮುಕ್ಕಾಲು ಇಂಚು ಕತ್ತರಿಸಿ. ಬಾಸ್ ಬರೀ ಕಾಲು ಕಚ್ಚಿ ಬಿಡುವುದು ಕಡಿಮೆಯಾಗುತ್ತದೆ.

ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬೆನ್ನಿನ ಚಿತ್ತಾರ ಕೊಳ್ಳುವವರಿಗೆ, ಮೀನು ನೋಡುವುದು ಹೊಟ್ಟೆ. ದಟ್ಟ ಹಾಸಿನ ಮೇಲೆ ಕಪ್ಪು, ಯಾಕೆಂದರೆ ಕೆಳಗಿನಿಂದ ನೆರಳು ಸ್ಪಷ್ಟ. ಬಿಡಿ ಬಿಡಿ ಎಲೆಗಳಿರುವ ಕಡೆ ಬಿಳಿ ಅಥವಾ ಹಳದಿ ಹೊಟ್ಟೆ. ಎರಡೇ ಸಾಕು.

ಎಸೆಯುವಾಗ ನಿಮಗೆ ಬೇಕಾದ ಜಾಗಕ್ಕಿಂತ ಮುಂದೆ ಎಸೆಯಿರಿ. ಎಲೆಯ ಮೇಲೆ ಬೀಳಲಿ. ಅಲ್ಲಿಂದ ನೀರಿಗೆ ಜಾರಿಸಿ, ನಿಜವಾದ ಕಪ್ಪೆ ಇಳಿಯುವ ಹಾಗೆ. ದಾರ ಸ್ವಲ್ಪ ಸಡಿಲ ಬಿಟ್ಟು ರಾಡಿನ ತುದಿಯಿಂದ ಸಣ್ಣ ಸಣ್ಣ ತಟ್ಟು ಕೊಟ್ಟರೆ ಕಪ್ಪೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೂತಿ ತಿರುಗಿಸುತ್ತದೆ. ಹಾಸಿನಲ್ಲಿ ತಟ್ಟೆಯಗಲದ ತೂತು ಸಿಕ್ಕಿದ ಕಡೆ ನಿಲ್ಲಿಸಿ. ನೀರಿನ ಉಂಗುರಗಳು ಮಾಯವಾಗುವವರೆಗೆ ಕಾಯಿರಿ. ಕೊಳದ ಯಾವ ಭಾಗಕ್ಕೆ ಎಸೆಯಬೇಕು ಎಂದು ಗೊತ್ತಾಗದಿದ್ದರೆ ಎರಡು ನಿಮಿಷ ಸುಮ್ನೆ ನಿಂತು ಕೇಳಿ. ಎಲೆಗಳ ಅಡಿಯಿಂದ ಚಪ್, ಚಪ್ ಎಂದು ಸಣ್ಣ ಸದ್ದು ಬರುತ್ತಿರುತ್ತದೆ. ಎಲೆಯ ಅಡಿಗೆ ಅಂಟಿದ ಹುಳುಗಳನ್ನು ಬ್ಲೂಗಿಲ್‌ಗಳು ಹೀರುವ ಸದ್ದು ಅದು. ಬ್ಲೂಗಿಲ್ ಊಟ ಮಾಡುವ ಕಡೆ ಬಾಸ್ ಕಾದಿರುತ್ತದೆ.

ಈಗ ಕಪ್ಪೆಯ ದೊಡ್ಡ ಕೊರತೆ. ಮೀನು ಹೊಡೆದಾಗ ನೀರು ಸಿಡಿಯುತ್ತದೆ, ಎದೆ ಝಲ್ಲೆನ್ನುತ್ತದೆ, ಕೈ ತಾನಾಗಿ ಜಗ್ಗುತ್ತದೆ. ಕಪ್ಪೆ ಹಾರಿ ನಿಮ್ಮ ಕಡೆಗೇ ಬರುತ್ತದೆ. ಹಾಸಿನ ಕೆಳಗಿನಿಂದ ಅಂದಾಜಿನ ಮೇಲೆ ಹೊಡೆಯುವ ಮೀನು ಎಷ್ಟೋ ಸಲ ಗುರಿ ತಪ್ಪಿರುತ್ತದೆ. ಸದ್ದಿಗೆ ಜಗ್ಗಬೇಡಿ, ಭಾರಕ್ಕೆ ಜಗ್ಗಿ. ರಾಡ್ ತಗ್ಗಿಸಿ, ಸಡಿಲ ದಾರ ಸುತ್ತಿಕೊಳ್ಳಿ, ಆ ಕಡೆ ಭಾರ ತಿಳಿದ ಮೇಲೆ ಮೇಲ್ಮುಖವಾಗಿ ಜೋರಾಗಿ ಎಳೆಯಿರಿ. ಆಮೇಲೆ ನಿಲ್ಲಿಸುವ ಹಾಗಿಲ್ಲ. ಮೀನಿನ ತಲೆ ಮೇಲೆ ಬಂದರೆ ಅದು ಹಾಸಿನ ಮೇಲೆ ಜಾರಿಕೊಂಡು ಬರುತ್ತದೆ. ತಲೆ ಕೆಳಗೆ ಹೋಯಿತೋ, ದಂಟು ಸುತ್ತಿಕೊಳ್ಳುತ್ತದೆ. ಕಪ್ಪೆಗೆ ಗಟ್ಟಿ ರಾಡ್, ದಪ್ಪ ಬ್ರೇಡ್ ಯಾಕೆ ಬೇಕು ಎಂಬುದಕ್ಕೆ ಉತ್ತರ ಈ ಮೂರು ಸೆಕೆಂಡಿನಲ್ಲಿದೆ.

ಕೆಲವು ಹೊಡೆತಗಳ ನಂತರ ಕಪ್ಪೆಯೊಳಗೆ ನೀರು ತುಂಬುತ್ತದೆ. ಮುಳುಗತೊಡಗಿದರೆ ಹಿಂಡಿ.

ತೂಕ ಹಾಕದ ಹುಳು

ಐದಿಂಚಿನ, ಎರಡೂ ತುದಿ ಸಣ್ಣಗಾದ ಮೆತ್ತನೆಯ ಕಡ್ಡಿ. ನೋಡಲು ಏನೂ ಇಲ್ಲ. ಗ್ಯಾರಿ ಯಮಮೊಟೊ ಕಂಪನಿಯ ಸೆಂಕೊ ಇದರ ಮೂಲ, ಈಗ ಹತ್ತಾರು ಕಂಪನಿಗಳು ಅದೇ ಥರದ್ದನ್ನು ಮಾಡುತ್ತವೆ. ಪ್ಲಾಸ್ಟಿಕ್‌ನಲ್ಲಿ ಉಪ್ಪು ಬೆರೆಸಿರುವುದರಿಂದ ಗುಂಡು ಕಟ್ಟದೆಯೂ ದೂರ ಹೋಗುತ್ತದೆ, ನಿಧಾನ ಮುಳುಗುತ್ತದೆ. ಮುಳುಗುವಾಗ ಎರಡೂ ತುದಿ ಸಣ್ಣಗೆ ನಡುಗುತ್ತವೆ. ಆ ನಡುಕವೇ ಅದರ ಬಂಡವಾಳ.

ಕೊಕ್ಕೆ 4/0 ಅಳತೆಯ ಅಗಲ ಬಾಯಿಯ ಆಫ್‌ಸೆಟ್. ಚುಚ್ಚುವ ಕ್ರಮ ಹೀಗೆ. ಮುಳ್ಳನ್ನು ಹುಳುವಿನ ತಲೆಗೆ ಕಾಲಿಂಚು ಇಳಿಸಿ ಪಕ್ಕದಿಂದ ಹೊರಗೆ ತೆಗೆಯಿರಿ. ಹುಳುವನ್ನು ಕೊಕ್ಕೆಯ ಉದ್ದಕ್ಕೂ ಮೇಲಕ್ಕೆ ಜಾರಿಸಿ, ಕೊಕ್ಕೆಯ ಕಣ್ಣಿನವರೆಗೆ. ಈಗ ಕೊಕ್ಕೆ ತಿರುಗಿಸಿ, ಮುಳ್ಳು ಎಲ್ಲಿ ತಾಗುತ್ತದೆ ಅಂತ ಪಕ್ಕಕ್ಕಿಟ್ಟು ನೋಡಿ, ಅಲ್ಲಿ ಆರಪಾರ ಚುಚ್ಚಿ. ಹುಳು ಎಲ್ಲೂ ಸೊಟ್ಟಗಾಗದೆ ನೆಟ್ಟಗಿರಬೇಕು, ಸೊಟ್ಟಗಾದರೆ ಗಿರಗಿರ ತಿರುಗಿ ದಾರಕ್ಕೆ ಮುರಿ ಬೀಳುತ್ತದೆ. ಕೊನೆಗೆ ಮುಳ್ಳಿನ ತುದಿಯನ್ನು ಹುಳುವಿನ ಚರ್ಮದಡಿ ಒಂದಿಷ್ಟೇ ಇಷ್ಟು ಮರೆಮಾಡಿ. ಬೆರಳಾಡಿಸಿದರೆ ಚುಚ್ಚಬಾರದು. ಇದನ್ನು ಟೆಕ್ಸಸ್ ರಿಗ್ ಎನ್ನುತ್ತಾರೆ.

ಕಪ್ಪೆಗೂ ಇದಕ್ಕೂ ಹೋಲಿಸಿದರೆ? ಬಿಡಿ ಬಿಡಿ ನೈದಿಲೆ, ಜೊಂಡಿನ ಅಂಚು, ಹುಲ್ಲಿನ ನಡುವಿನ ತೂತುಗಳಲ್ಲಿ ಹುಳುವೇ ಮೇಲು. ಕಚ್ಚಿದ ಮೀನುಗಳಲ್ಲಿ ಕೈಗೆ ಬರುವ ಪ್ರಮಾಣ ಕಪ್ಪೆಗಿಂತ ಹುಳುವಿನಲ್ಲಿ ತುಂಬಾ ಜಾಸ್ತಿ, ಯಾಕೆಂದರೆ ಮೀನು ಅದನ್ನು ನೋಡಿಕೊಂಡು ನಿಧಾನವಾಗಿ ನುಂಗುತ್ತದೆ. ಮೋಡ ಇಲ್ಲದ ಮಧ್ಯಾಹ್ನ, ಚಳಿಗಾಳಿ ಬೀಸಿದ ಮರುದಿನ, ಜನ ಓಡಾಡಿ ಮೀನು ಬೆದರಿದ ಕೊಳದಲ್ಲೂ ಕೆಲಸ ಮಾಡುತ್ತದೆ. ದುಬಾರಿ ರಾಡ್ ಬೇಡ. ಹತ್ತು ವರ್ಷದ ಮಗುವಿಗೂ ಕಲಿಸಬಹುದು: ಎಸೆ, ದಾರ ಸಡಿಲ ಬಿಡು, ದಾರವನ್ನೇ ನೋಡು. ದಾರ ಒಮ್ಮೆ ಸಣ್ಣಗೆ ನೆಗೆಯಿತು, ಅಥವಾ ಪಕ್ಕಕ್ಕೆ ಸರಿಯಿತು ಅಂದರೆ ಮೀನು ಬಾಯಲ್ಲಿಟ್ಟುಕೊಂಡಿದೆ.

ಆದರೆ ಹುಳು ನಿಧಾನ. ದೊಡ್ಡ ಹಾಸನ್ನು ಬೇಗ ಬೇಗ ಹುಡುಕಲು ಆಗುವುದಿಲ್ಲ. ಕೂದಲು ಪಾಚಿ ಇದ್ದರೆ ಅದು ಪೂರಾ ಸೋಲುತ್ತದೆ, ಗಂಟಿನ ಮೇಲೆ ಪಾಚಿ ಕೂತು ಹುಳುವಿನ ಆಕಾರವೇ ಉಳಿಯುವುದಿಲ್ಲ. ಎರಡು-ಮೂರು ಮೀನಿಗೆ ತಲೆ ಹರಿದುಹೋಗುತ್ತದೆ. ಹರಿದದ್ದನ್ನು ನೀರಿಗೆ ಎಸೆಯಬೇಡಿ, ಜೇಬಿಗೆ ಹಾಕಿಕೊಳ್ಳಿ. ಮೀನು ನುಂಗಿದರೆ ಅದರ ಹೊಟ್ಟೆಯಲ್ಲಿ ಹಾಗೇ ಉಳಿಯುತ್ತದೆ.

ನಿಜ ಹೇಳಬೇಕೆಂದರೆ ಇವೆರಡನ್ನು ಎದುರುಬದುರು ನಿಲ್ಲಿಸುವುದಕ್ಕಿಂತ ಜೋಡಿಯಾಗಿ ನೋಡುವುದು ಸರಿ. ಬಾಸ್ ಕಪ್ಪೆಗೆ ಹೊಡೆದು ತಪ್ಪಿದಾಗ ಹಾಸಿನಲ್ಲಿ ಒಂದು ತೂತು ಉಳಿಯುತ್ತದೆ. ಮೀನು ಆ ಪಕ್ಕದಲ್ಲೇ ಇರುತ್ತದೆ, ಸಿಟ್ಟಿನಲ್ಲೂ ಇರುತ್ತದೆ. ತಕ್ಷಣ ಎರಡನೇ ರಾಡ್ ತೆಗೆದು ಆ ತೂತಿಗೆ ಹುಳು ಬಿಡಿ. ಕಳೆ ಕೊಳದಲ್ಲಿ ನನಗೆ ಗೊತ್ತಿರುವ ಅತ್ಯಂತ ಉಪಯೋಗಿ ವಿದ್ಯೆ ಇದೇ.

ಓಡುವ ಕಪ್ಪೆ, ಹಳೆಯ ಚಮಚ, ಉಳಿದವು

ಟೊಳ್ಳು ಇಲ್ಲದ, ಗಟ್ಟಿ ಮೈಯ ಇನ್ನೊಂದು ಕಪ್ಪೆ ಇದೆ. ಜೂಮ್ ಕಂಪನಿಯ ಹಾರ್ನಿ ಟೋಡ್ ಅಂಥದ್ದು. ಇದರ ಕಾಲು ನೀರನ್ನು ಪಟಪಟ ಬಡಿಯುತ್ತದೆ. ನಿಲ್ಲಿಸದೆ ಸುತ್ತುತ್ತಿರಬೇಕು, ನಿಲ್ಲಿಸಿದರೆ ಮುಳುಗುತ್ತದೆ. ಒಂದೇ ಕೊಕ್ಕೆ, ಅದೂ ಮೈಯೊಳಗೆ ಮರೆ. ಮೀನು ಸಿಗುವ ಪ್ರಮಾಣ ಟೊಳ್ಳು ಕಪ್ಪೆಗಿಂತ ಸ್ವಲ್ಪ ಮೇಲು ಎಂದೇ ನನ್ನ ಅನಿಸಿಕೆ. ಹುಲ್ಲಿನ ಮೇಲೆ ಅರ್ಧ ಅಡಿ, ಒಂದಡಿ ನೀರು ಉಳಿದಿದ್ದರೆ, ಅಥವಾ ನೈದಿಲೆ ತೆಳುವಾಗಿದ್ದರೆ ಇದನ್ನೇ ತೆಗೆದುಕೊಳ್ಳಿ. ಡಕ್‌ವೀಡ್ ಇರುವಲ್ಲಿ ಬೇಡ. ಕಾಲಿಗೆ ಎಲೆ ಮೆತ್ತಿಕೊಂಡು ಬಡಿತವೇ ನಿಂತುಹೋಗುತ್ತದೆ.

ಜಾನ್ಸನ್ ಸಿಲ್ವರ್ ಮಿನ್ನೊ ಎಂಬ ಚಮಚದಂಥ ಲೂರ್ 1920ರ ದಶಕದ್ದು. ಲೋಹದ ಚಮಚ, ಒಂದೇ ಕೊಕ್ಕೆ, ಅದರ ಮುಂದೆ ಸೊಪ್ಪು ತಡೆಯುವ ಒಂದು ತಂತಿ. ನೂರು ವರ್ಷವಾದರೂ ಜೊಂಡಿನ ನಡುವೆ, ಹುಲ್ಲಿನ ಮೇಲೆ ಅದು ಓಡುವ ಚಂದ ಹಾಗೇ ಇದೆ. ಗಾಳಿ ಇದ್ದ ದಿನ ಹಗುರ ಹುಳು ಎಸೆಯಲಾಗದಾಗ ಚಮಚ ನೆಟ್ಟಗೆ ಹೋಗಿ ಬೀಳುತ್ತದೆ. ಈಗಿನವರು ಇದನ್ನು ಮರೆತಿದ್ದಾರೆ, ಅದು ಸರಿಯಲ್ಲ.

ಲೋಹದ ಎಲೆ ಗಿರಗಿರ ತಿರುಗುವ ಸ್ಪಿನ್ನರ್‌ಬೇಟ್ ಎಂಬ ಲೂರ್ ಮಾರ್ಚ್-ಏಪ್ರಿಲ್‌ನಲ್ಲಿ, ಹುಲ್ಲು ಇನ್ನೂ ಮೊಣಕಾಲು ಮಟ್ಟದಲ್ಲಿದ್ದಾಗ ಒಳ್ಳೆಯದು. ಹಾಸು ಮುಚ್ಚಿಕೊಂಡ ಮೇಲೆ ಅದರ ಕೆಲಸ ಮುಗಿಯಿತು.

ಭಾರದ ಗುಂಡು: ಎಲ್ಲರಿಗೂ ಅಲ್ಲ

ಟೂರ್ನಮೆಂಟ್ ವಿಡಿಯೊಗಳಲ್ಲಿ ಪಂಚಿಂಗ್ ಎಂಬುದನ್ನು ನೋಡಿರುತ್ತೀರಿ. ಒಂದು, ಒಂದೂವರೆ ಔನ್ಸ್ ಟಂಗ್‌ಸ್ಟನ್ ಗುಂಡು, ಅದರ ಹಿಂದೆ ಸಣ್ಣ ಏಡಿಯಂಥ ಪ್ಲಾಸ್ಟಿಕ್. ಹಾಸನ್ನು ಸೀಳಿಕೊಂಡು ನೇರ ಕೆಳಗಿಳಿಯುತ್ತದೆ. ಬಿಸಿಲಿನ ಮಧ್ಯಾಹ್ನ ಹಾಸಿನಡಿ ಮಲಗಿರುವ, ಮೇಲೆ ಬಾರದ ದೊಡ್ಡ ಮೀನಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಆರೆಂಟು ಅಡಿ ನೀರಿನ ಮೇಲೆ ಹೈಡ್ರಿಲ್ಲಾ ಮಲಗಿರುವ ಫ್ಲೋರಿಡಾದ ಕೆರೆಗಳಲ್ಲಿ, ದೋಣಿಯಲ್ಲಿ ನಿಂತು ಮಾಡುವ ಕೆಲಸ.

ಮೂರಡಿ ಕೊಳದ ದಡದಲ್ಲಿ ನಿಂತವರಿಗೆ ನಾನು ಇದನ್ನು ಹೇಳುವುದಿಲ್ಲ. ಗುಂಡು ಬಿದ್ದ ಸದ್ದಿಗೇ ಅಷ್ಟು ತೆಳು ನೀರಿನ ಮೀನು ಓಡುತ್ತದೆ. ದಡದಿಂದ ದಾರ ಓರೆಯಾಗಿ ಬರುವುದರಿಂದ ಮೀನನ್ನು ನೇರ ಮೇಲೆತ್ತಲು ಆಗುವುದಿಲ್ಲ, ಇಡೀ ಹಾಸಿನ ಮೂಲಕ ಎಳೆಯಬೇಕಾಗುತ್ತದೆ. ಟಂಗ್‌ಸ್ಟನ್ ದುಬಾರಿ ಬೇರೆ. ಕಯಾಕ್ ಇದ್ದು, ಕೊಳ ಸ್ವಲ್ಪ ಆಳವಿದ್ದರೆ ಅರ್ಧ, ಮುಕ್ಕಾಲು ಔನ್ಸಿನಿಂದ ಶುರು ಮಾಡಿ ನೋಡಿ. ಅಗ್ಗ ಅಂತ ಸೀಸಕ್ಕೆ ಹೋಗುವ ಮುಂಚೆ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ನ್ಯೂ ಹ್ಯಾಂಪ್‌ಶೈರ್, ಮೇನ್, ವರ್ಮಾಂಟ್‌ನಂಥ ಕಡೆ ಸಣ್ಣ ಸೀಸದ ಗುಂಡುಗಳಿಗೆ ನಿಷೇಧ ಇದೆ. ಲೂನ್ ಹಕ್ಕಿಗಳು ಅವನ್ನು ನುಂಗಿ ಸಾಯುತ್ತವೆ.

ಜೀವಂತ ಎರೆ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಎರೆಹುಳು ಹಾಕಿದರೆ ಬ್ಲೂಗಿಲ್ ಬರುತ್ತದೆ, ಮಕ್ಕಳಿಗೆ ಖುಷಿ, ಅದು ಬೇರೆ. ಶೈನರ್ ಮೀನು ಹಾಕಿದರೆ ಬಾಸ್ ಕಚ್ಚುತ್ತದೆ. ಆದರೆ ಶೈನರ್ ಜೀವ ಉಳಿಸಿಕೊಳ್ಳಲು ನೇರ ಕಳೆಯೊಳಗೆ ಹೋಗಿ ದಾರ ಸುತ್ತುತ್ತದೆ. ಬಾಸ್ ಕೂಡ ಕೊಕ್ಕೆಯನ್ನು ಆಳಕ್ಕೆ ನುಂಗುತ್ತದೆ. ಬಿಟ್ಟುಬಿಡುವ ಮೀನಿಗೆ ಅದು ಒಳ್ಳೆಯದಲ್ಲ.

ಯಾವ ಹೊತ್ತು, ಯಾವ ತಿಂಗಳು

ಬೆಳಗಿನ ಜಾವವೇ ಒಳ್ಳೆಯದು ಎಂಬುದು ಎಲ್ಲೆಡೆ ಕೇಳುವ ಮಾತು. ಕಳೆ ತುಂಬಿದ ಕೊಳಕ್ಕೆ ಅದು ಯಾವಾಗಲೂ ಹೊಂದುವುದಿಲ್ಲ. ಹಗಲು ಗಿಡಗಳು ನೀರಿಗೆ ಆಮ್ಲಜನಕ ಬಿಡುತ್ತವೆ, ರಾತ್ರಿ ತಾವೇ ಅದನ್ನು ಬಳಸುತ್ತವೆ. ಗಾಳಿ ಇಲ್ಲದ, ಸೆಕೆಯ ಜುಲೈ ರಾತ್ರಿಯ ನಂತರ ಸೂರ್ಯ ಹುಟ್ಟುವ ಹೊತ್ತಿಗೆ ಕೊಳದಲ್ಲಿ ಆಮ್ಲಜನಕ ತಳ ಮುಟ್ಟಿರುತ್ತದೆ. ಮೀನು ಮಂಕಾಗಿರುತ್ತದೆ. ಅಂಥ ದಿನ ಹತ್ತು ಗಂಟೆಯ ಮೇಲೆ, ಹಾಸಿನ ನೆರಳಿಗೆ ಬಾಸ್ ಸೇರಿಕೊಂಡ ಮೇಲೆ ಕಪ್ಪೆ ಎಳೆಯಿರಿ. ಇಲ್ಲವೇ ಸಂಜೆ.

ನೀರು 60ರಿಂದ 75 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ, ಅಂದರೆ ನಮ್ಮ ಕಡೆ ವಸಂತದಲ್ಲಿ, ಬಾಸ್ ದಡದ ಹತ್ತಿರ ಗುಂಡಗೆ ಗೂಡು ಗುಡಿಸಿ ಮೊಟ್ಟೆ ಇಡುತ್ತದೆ. ಗಂಡು ಕಾವಲು ನಿಲ್ಲುತ್ತದೆ. ಆಗ ಹಿಡಿದ ಮೀನನ್ನು ಅದೇ ಜಾಗದಲ್ಲಿ, ತಕ್ಷಣ ಬಿಡಿ. ತಡ ಮಾಡಿದರೆ ಬ್ಲೂಗಿಲ್‌ಗಳು ಗೂಡು ಖಾಲಿ ಮಾಡುತ್ತವೆ. ಅಕ್ಟೋಬರ್‌ನಲ್ಲಿ ಕಳೆ ಕಂದಾಗಿ ಕೊಳೆಯತೊಡಗಿದಾಗ ಇನ್ನೂ ಹಸಿರು ಉಳಿದ ತೇಪೆ ಹುಡುಕಿ, ಕೊಳೆತ ಕಡೆ ಮೀನು ನಿಲ್ಲುವುದಿಲ್ಲ.

ಹಿಡಿದ ಮೇಲೆ

ಬಾಸ್‌ನ ಕೆಳದವಡೆಯನ್ನು ಹೆಬ್ಬೆರಳಿನಿಂದ ಹಿಡಿಯಬಹುದು, ಹಲ್ಲು ಉಜ್ಜುಕಾಗದದಂತೆ ಒರಟು, ಅಷ್ಟೇ. ದೊಡ್ಡದಾದರೆ ಇನ್ನೊಂದು ಕೈ ಹೊಟ್ಟೆಯಡಿ ಕೊಡಿ, ಬರೀ ದವಡೆಯಲ್ಲಿ ನೇತಾಡಿಸಬೇಡಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ.

ತಿನ್ನಬಹುದಾ ಎಂಬ ಪ್ರಶ್ನೆ ನಮ್ಮವರಲ್ಲಿ ಬಂದೇ ಬರುತ್ತದೆ. ಬಡಾವಣೆಯ ಕೊಳಕ್ಕೆ ರಸ್ತೆಯ ನೀರು, ಹುಲ್ಲುಹಾಸಿಗೆ ಹೊಡೆದ ಔಷಧಿ ಎಲ್ಲ ಸೇರುತ್ತದೆ, ಅಲ್ಲಿನ ಯಾವ ಮೀನೂ ಬೇಡ. ಬೇರೆ ಕಡೆಯದಾದರೂ ಬಾಸ್ ಬೇರೆ ಮೀನುಗಳನ್ನು ತಿಂದು ಬದುಕುವುದರಿಂದ ಅದರಲ್ಲಿ ಪಾದರಸ ಜಾಸ್ತಿ. ಗರ್ಭಿಣಿಯರು, ಎದೆಹಾಲು ಕುಡಿಸುವ ತಾಯಂದಿರು, ಮಕ್ಕಳು ಲಾರ್ಜ್‌ಮೌತ್ ಬಾಸ್ ತಿನ್ನಬಾರದು ಅಂತ ನಾರ್ತ್ ಕೆರೊಲಿನಾದ ಆರೋಗ್ಯ ಇಲಾಖೆ ಹೇಳುತ್ತದೆ. ಸಾರಿನ ಆಸೆ ಇದ್ದರೆ ಶುದ್ಧ ನೀರಿನ ಬ್ಲೂಗಿಲ್ ಹಿಡಿಯಿರಿ.

ಮೇರಿಲ್ಯಾಂಡ್, ವರ್ಜೀನಿಯಾದವರಿಗೆ ಇನ್ನೊಂದು ಮಾತು. ಅದೇ ಕಪ್ಪೆಗೆ ಅಲ್ಲಿ ಉದ್ದ ಮೈಯ, ಹಾವಿನ ತಲೆಯ ಮೀನು ಬಂದರೆ ಅದು ಸ್ನೇಕ್‌ಹೆಡ್, ನಮ್ಮ ಕೊರವ ಮೀನಿನ ಕುಲದ್ದು. 2002ರಲ್ಲಿ ಮೇರಿಲ್ಯಾಂಡಿನ ಕ್ರಾಫ್ಟನ್‌ನ ಒಂದು ಕೊಳದಲ್ಲಿ ಸಿಕ್ಕು ದೊಡ್ಡ ಗಲಾಟೆ ಆಯಿತು, 2004ರ ಹೊತ್ತಿಗೆ ಪೊಟೊಮ್ಯಾಕ್ ನದಿಯಲ್ಲಿ ಕಾಣಿಸಿಕೊಂಡಿತು. ತಿನ್ನಲು ರುಚಿ. ಆದರೆ ಜೀವಂತ ಸಾಗಿಸುವುದು ಅಪರಾಧ. ಅದರ ಹಲ್ಲು ಬಾಸ್‌ನದ್ದಲ್ಲ, ಬಾಯಿಗೆ ಬೆರಳು ಹಾಕಬೇಡಿ.

ಲೈಸೆನ್ಸ್ ಇಲ್ಲದೆ ಇಳಿಯಬೇಡಿ. ನಾರ್ತ್ ಕೆರೊಲಿನಾ, ಫ್ಲೋರಿಡಾದಲ್ಲಿ 16 ವರ್ಷ ತುಂಬಿದವರಿಗೆ ಬೇಕು, ಟೆಕ್ಸಸ್‌ನಲ್ಲಿ 17. ಆನ್‌ಲೈನ್‌ನಲ್ಲಿ ಹತ್ತು ನಿಮಿಷದ ಕೆಲಸ. ಸ್ಥಳೀಯರ ದರ ಸಿಗುವುದು ಆ ರಾಜ್ಯದಲ್ಲಿ ಎಷ್ಟು ಕಾಲದಿಂದ ಇದ್ದೀರಿ ಎಂಬುದರ ಮೇಲೆ. ಬಡಾವಣೆಯ ಕೊಳವಾದರೆ ಮನೆಮಾಲೀಕರ ಸಂಘದ ಅನುಮತಿಯೂ ಬೇಕು. ದಕ್ಷಿಣದಲ್ಲಿ ದಡದ ಹುಲ್ಲಿಗೆ ಕಾಲಿಡುವ ಮುಂಚೆ ನೋಡಿ: ಕಾಟನ್‌ಮೌತ್ ಹಾವು ವಿಷದ್ದು, ಕೆಂಪಿರುವೆಯ ಗೂಡು ಕಾಲಡಿ ಸಿಕ್ಕರೆ ಆ ದಿನ ಮುಗಿಯಿತು. ಫ್ಲೋರಿಡಾದಲ್ಲಿ ಎಷ್ಟು ಸಣ್ಣ ಕೊಳವಾದರೂ ಮೊಸಳೆ ಜಾತಿಯ ಆಲಿಗೇಟರ್ ಇರಬಹುದು ಎಂದೇ ನಡೆದುಕೊಳ್ಳಿ, ಮಕ್ಕಳನ್ನು ನೀರಿನಂಚಿಗೆ ಬಿಡಬೇಡಿ. ಗುಡುಗು ಕೇಳಿದ ಕೂಡಲೇ ರಾಡ್ ಕೆಳಗಿಟ್ಟು ಹೊರಡಿ, ಕಾರ್ಬನ್ ರಾಡಿನಲ್ಲಿ ವಿದ್ಯುತ್ ಹರಿಯುತ್ತದೆ.

ಹಾಗಾದರೆ ಏನು ಕೊಳ್ಳುವುದು?

ಒಂದೇ ರಾಡ್, ದಡದಿಂದ, ಹೊಸಬರು ಅಂದರೆ: ಮೀಡಿಯಂ-ಹೆವಿ ಸ್ಪಿನ್ನಿಂಗ್, 30 ಪೌಂಡ್ ಬ್ರೇಡ್, ಒಂದು ಪ್ಯಾಕೆಟ್ ಐದಿಂಚಿನ ಹುಳು, 4/0 ಕೊಕ್ಕೆಗಳು. ಹಸಿರು ಮಿಶ್ರಿತ ಕಂದು ಬಣ್ಣ ಸಾಕು. ಈ ರಾಡಿನಲ್ಲಿ ಬಿಡಿ ಎಲೆಗಳ ನಡುವೆ ಸಣ್ಣ ಕಪ್ಪೆಯನ್ನೂ ಎಳೆಯಬಹುದು, ದಟ್ಟ ಹಾಸಿನ ಮೇಲೆ ಮಾತ್ರ ಬೇಡ. ಕೊಕ್ಕೆ ಇಳಿಯುವುದೂ ಇಲ್ಲ, ಇಳಿದ ಮೀನು ಬರುವುದೂ ಇಲ್ಲ, ಬಾಯಲ್ಲಿ ಕೊಕ್ಕೆ ಹೊತ್ತು ದಾರದ ಸಮೇತ ಅದು ಅಲ್ಲೇ ಉಳಿದರೆ ನಮಗೆ ಅದರ ಪಾಪ ಬೇಡ.

ಕೊಳ ಪೂರ್ತಿ ಮುಚ್ಚಿಕೊಂಡಿದ್ದು, ಖರ್ಚು ಮಾಡಲು ತಯಾರಿದ್ದರೆ ಕಪ್ಪೆಯ ರಾಡಿನಿಂದಲೇ ಶುರು ಮಾಡಿ. ಹೆವಿ ರಾಡ್, 65 ಪೌಂಡ್ ಬ್ರೇಡ್, ಒಂದು ಕಪ್ಪು, ಒಂದು ಬಿಳಿ ಕಪ್ಪೆ. ಎರಡನೇ ರಾಡ್ ಕೊಳ್ಳುವಾಗ ಹುಳುವಿನದು. ಓಡುವ ಕಪ್ಪೆ ಒಂದು ಪ್ಯಾಕೆಟ್ ಜೊತೆಗಿರಲಿ, ಎರಡೂ ರಾಡಿಗೆ ಆಗುತ್ತದೆ. ಪಂಚಿಂಗ್ ಸಾಮಾನು ಕಯಾಕ್ ಬಂದ ಮೇಲೆ. ಉದ್ದ ಮೂತಿಯ ಇಕ್ಕಳ, ಬ್ರೇಡ್ ಕತ್ತರಿಸುವ ಕತ್ತರಿ ಮರೆಯಬೇಡಿ, ಹಲ್ಲಿನಲ್ಲಿ ಬ್ರೇಡ್ ತುಂಡಾಗುವುದಿಲ್ಲ. ಪೋಲರೈಸ್ಡ್ ಕನ್ನಡಕ ಒಂದಿದ್ದರೆ ಹಾಸಿನ ತೂತುಗಳ ಕೆಳಗೆ ಏನಿದೆ ಎಂದು ಕಾಣುತ್ತದೆ, ಕಪ್ಪೆ ಮುಖಕ್ಕೆ ಹಾರಿ ಬಂದಾಗ ಕಣ್ಣೂ ಉಳಿಯುತ್ತದೆ.